ಒಂದೇ ಕಪ್ಪು ಕಲೆ, ಒಳಗೆ ಬೇರೆ ಬೇರೆ ಕಾಯಿಲೆ

ಮನುಷ್ಯನ ಮೈಯಲ್ಲಿ ಇನ್ನೂರಕ್ಕೂ ಹೆಚ್ಚು ಎಲುಬುಗಳಿವೆ. ಅವುಗಳಲ್ಲಿ ಸಿಸ್ಟ್ ಅತಿ ಹೆಚ್ಚು ಕಾಣಿಸಿಕೊಳ್ಳುವುದು ದವಡೆಯಲ್ಲಿ. ತೊಡೆಯೆಲುಬನ್ನೋ ಬೆನ್ನೆಲುಬನ್ನೋ ಇಷ್ಟಾಗಿ ಕಾಡದ ತೊಂದರೆ ದವಡೆಗೇ ಅಂಟಿಕೊಂಡಿದ್ದೇಕೆ ಎಂದರೆ, ಹಲ್ಲಿರುವುದು ಅಲ್ಲಿ ಮಾತ್ರ. ತಾಯಿಯ ಹೊಟ್ಟೆಯಲ್ಲಿ ಭ್ರೂಣಕ್ಕೆ ಆರು ವಾರವಾಗುವ ಹೊತ್ತಿಗೆ ಬಾಯಿಯ ಒಳಪೊರೆಯ ಒಂದು ಪಟ್ಟಿ ದವಡೆಯೊಳಕ್ಕೆ ಇಳಿದು ಹಲ್ಲು ಕಟ್ಟುವ ಕೆಲಸ ಶುರುಮಾಡುತ್ತದೆ. ಹಲ್ಲು ರೂಪುಗೊಂಡ ಮೇಲೆ ಆ ಪೊರೆಗೆ ಕೆಲಸವಿಲ್ಲ, ಕರಗಿಹೋಗಬೇಕು. ಆದರೆ ಪೂರ್ತಿ ಕರಗುವುದಿಲ್ಲ. ಬೇರಿನ ಸುತ್ತ ಒಂದಷ್ಟು, ವಸಡಿನ ಕೆಳಗೆ ಒಂದಷ್ಟು, ಇನ್ನೂ ಹುಟ್ಟದ ಹಲ್ಲಿನ ತಲೆಯ ಸುತ್ತ ಒಂದಷ್ಟು ಚೂರುಗಳು ಉಳಿಯುತ್ತವೆ. ಬೇರಿನ ಸುತ್ತಲಿನ ಚೂರುಗಳನ್ನು 1880ರ ದಶಕದಲ್ಲಿ ವಿವರವಾಗಿ ಬಣ್ಣಿಸಿದವರು ಫ್ರಾನ್ಸಿನ ವಿಜ್ಞಾನಿ ಲೂಯಿ ಶಾರ್ಲ್ ಮಲಸೆ. ಇಂದಿಗೂ ಅವಕ್ಕೆ ಅವರದೇ ಹೆಸರು.

ಈ ಚೂರುಗಳು ನಮ್ಮೆಲ್ಲರ ದವಡೆಯಲ್ಲೂ ಇವೆ. ಸಾಮಾನ್ಯವಾಗಿ ಆಯುಷ್ಯವಿಡೀ ಸುಮ್ಮನೆ ಬಿದ್ದಿರುತ್ತವೆ. ಯಾವುದೋ ಕಾರಣಕ್ಕೆ ಅವು ಮತ್ತೆ ಬೆಳೆಯತೊಡಗಿದರೆ ಎಲುಬಿನ ನಡುವೆ ಒಂದು ಚೀಲ ಕಟ್ಟಿಕೊಳ್ಳುತ್ತದೆ, ಅದರೊಳಗೆ ನೀರು ತುಂಬುತ್ತದೆ. ಅದೇ ಸಿಸ್ಟ್. ಯಾವ ಚೂರು ಬೆಳೆಯಿತು, ಯಾಕೆ ಬೆಳೆಯಿತು ಎಂಬುದರ ಮೇಲೆ ಸಿಸ್ಟಿನ ಜಾತಿ ನಿರ್ಧಾರವಾಗುತ್ತದೆ. ಜಾತಿ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ. ಎಕ್ಸ್‌ರೇಯಲ್ಲಿ ಮಾತ್ರ ಎಲ್ಲವೂ ಒಂದೇ ಬಗೆಯ ಕಪ್ಪು ಕಲೆ. ಆ ಕಲೆಯನ್ನು ಕಂಡ ಕೂಡಲೇ ಹಲ್ಲು ಕೀಳಿಸುವ, ಇಲ್ಲವೇ ಕತ್ತರಿಸಿ ತೆಗೆಸುವ ಅವಸರ ನಮ್ಮಲ್ಲಿ ಹೆಚ್ಚು. ಈ ಕಾಯಿಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ವೈದ್ಯ ನಡೆಯುವುದು ಹೆಸರು ಗೊತ್ತುಮಾಡಿಕೊಳ್ಳುವುದರಲ್ಲೇ ಎಂದು ನನ್ನ ನಂಬಿಕೆ.

ಹಲ್ಲಿಗೆ ಸಂಬಂಧಿಸಿದ ಸಿಸ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಜಾತಿಯವು. ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಹುಟ್ಟುವ ರ‍್ಯಾಡಿಕ್ಯುಲರ್ ಸಿಸ್ಟ್ ಅದು. ಇದರ ಕಥೆ ಬಹಳ ಸಲ ಚಿಕ್ಕಂದಿನಲ್ಲೇ ಶುರುವಾಗಿರುತ್ತದೆ. ಹುಡುಗ ಸೈಕಲ್ಲಿನಿಂದ ಬಿದ್ದ, ಮುಂದಿನ ಹಲ್ಲಿಗೆ ಏಟಾಯಿತು, ಎರಡು ದಿನ ನೋವಿತ್ತು, ಆಮೇಲೆ ಎಲ್ಲರೂ ಮರೆತರು. ಹಲ್ಲು ಮುರಿದಿಲ್ಲ, ಅಲುಗಾಡುತ್ತಿಲ್ಲ. ಆದರೆ ಒಳಗಿನ ನರ, ರಕ್ತನಾಳ ಸತ್ತಿವೆ. ವರ್ಷಗಳು ಕಳೆದಂತೆ ಹಲ್ಲಿನ ಬಣ್ಣ ಮಾಸುತ್ತದೆ, ಬೂದು ಬಣ್ಣಕ್ಕೆ ತಿರುಗುತ್ತದೆ. ಹುಳುಕು ಆಳಕ್ಕಿಳಿದ ದವಡೆಹಲ್ಲಿನಲ್ಲೂ ಇದೇ ಆಗುತ್ತದೆ. ಸತ್ತ ಹಲ್ಲಿನೊಳಗೆ ಬ್ಯಾಕ್ಟೀರಿಯಾ ನೆಲೆಯೂರಿ, ಅವುಗಳ ವಿಷ ಬೇರಿನ ತುದಿಯಿಂದ ಎಲುಬಿಗೆ ಜಿನುಗುತ್ತದೆ. ದೇಹ ಅದನ್ನು ತಡೆಯಲು ಅಲ್ಲೊಂದು ಉರಿಯೂತದ ಗಂಟು ಕಟ್ಟುತ್ತದೆ. ಆ ಉರಿಯೂತದ ಕಾವಿಗೆ ಮಲಸೆಯ ಚೂರುಗಳು ಎಚ್ಚೆತ್ತು ಬೆಳೆಯುತ್ತವೆ. ಬೆಳೆದ ಗುಂಪಿನ ನಡುವಿನ ಜೀವಕೋಶಗಳು ರಕ್ತ ಸಿಗದೆ ಸತ್ತು ಕರಗಿ ಒಂದು ಗುಳಿ ಏರ್ಪಡುತ್ತದೆ.

ಇನ್ನು ಆ ಗುಳಿ ದೊಡ್ಡದಾಗುವುದಕ್ಕೆ ಹೊರಗಿನ ಸಹಾಯ ಬೇಡ. ಸತ್ತ ಜೀವಕೋಶಗಳ ಪ್ರೋಟೀನ್‌ನಿಂದ ಒಳಗಿನ ದ್ರವ ಮಂದವಾಗುತ್ತದೆ. ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವಂತೆ, ಆ ಚೀಲ ಸುತ್ತಲಿನ ನೀರನ್ನು ಎಳೆದುಕೊಂಡು ಉಬ್ಬುತ್ತದೆ. ಚೀಲದ ಗೋಡೆಯಿಂದ ಹೊಮ್ಮುವ ರಾಸಾಯನಿಕಗಳು ಪಕ್ಕದ ಎಲುಬನ್ನು ಕರಗಿಸಿ ಜಾಗ ಮಾಡಿಕೊಡುತ್ತವೆ. ಇಷ್ಟೆಲ್ಲ ನಡೆಯುವಾಗ ನೋವಿಲ್ಲ. ಸಿಸ್ಟಿಗೆ ಸೋಂಕು ತಗುಲಿ ಕೀವಾದಾಗ ಮಾತ್ರ ಮುಖ ಊದಿಕೊಂಡು ನೋವು ಬರುತ್ತದೆ. ಆಗ ಮನೆಯಲ್ಲಿ ಲವಂಗದ ಎಣ್ಣೆ, ಮೆಡಿಕಲ್ ಸ್ಟೋರಿನಿಂದ ತಂದ ಐದು ದಿನದ ಮಾತ್ರೆ. ಊತ ಇಳಿದರೆ ಕಾಯಿಲೆ ಹೋಯಿತೆಂದು ಎಲ್ಲರೂ ನಿರಾಳ. ಮಾತ್ರೆಯಿಂದ ಕೀವು ಆರುತ್ತದೆ, ಚೀಲ ಇದ್ದಲ್ಲೇ ಇರುತ್ತದೆ.

ದಂತವೈದ್ಯರ ಕುರ್ಚಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಈ ಹಲ್ಲಿಗೆ ಜೀವವಿದೆಯೇ? ತಿಳಿಯುವ ವಿಧಾನ ಸರಳ. ತಣ್ಣನೆಯ ಸ್ಪ್ರೇ ಹೊಡೆದ ಹತ್ತಿಯ ಉಂಡೆಯನ್ನು ಹಲ್ಲಿಗೆ ಒತ್ತುತ್ತಾರೆ. ಜೀವವಿರುವ ಹಲ್ಲು ಜುಮ್ಮೆನ್ನುತ್ತದೆ, ಹತ್ತಿ ತೆಗೆದ ಮೇಲೆ ಸುಮ್ಮನಾಗುತ್ತದೆ. ಸತ್ತ ಹಲ್ಲಿಗೆ ಏನೂ ತಿಳಿಯುವುದಿಲ್ಲ. ಸಣ್ಣ ವಿದ್ಯುತ್ ಸ್ಪರ್ಶದಿಂದ ಇದನ್ನೇ ಪರೀಕ್ಷಿಸುವ ಉಪಕರಣವೂ ಇದೆ. ಅಕ್ಕಪಕ್ಕದ ಹಲ್ಲು, ಎದುರು ಬದಿಯ ಅದೇ ಹಲ್ಲು ಎಲ್ಲವನ್ನೂ ಮುಟ್ಟಿ ಹೋಲಿಸಿ ನೋಡಬೇಕು. ಎರಡೇ ನಿಮಿಷದ ಕೆಲಸ. ಇದನ್ನು ಬಿಟ್ಟು ಬರೀ ಎಕ್ಸ್‌ರೇ ನೋಡಿ ರೂಟ್ ಕೆನಾಲ್‌ಗೆ ಕೈ ಹಾಕಿದರೆ ಜೀವಂತ ಹಲ್ಲನ್ನು ವೃಥಾ ಕೊಂದಂತಾಗುತ್ತದೆ.

ಬೇರಿನ ತುದಿಯಲ್ಲಿ ಕಪ್ಪಾಗಿ ಕಾಣುವುದೆಲ್ಲ ಸಿಸ್ಟ್ ಆಗಿರಬೇಕಿಲ್ಲವಲ್ಲ. ಕೆಳಗಿನ ಮುಂದವಡೆಹಲ್ಲುಗಳ ಬೇರಿನ ಬಳಿ ನರ ಹೊರಬರುವ ಸಹಜ ರಂಧ್ರವೊಂದಿದೆ. ಎಕ್ಸ್‌ರೇಯ ಕೋನ ಸ್ವಲ್ಪ ಬದಲಾದರೆ ಅದು ನೇರವಾಗಿ ಬೇರಿನ ಮೇಲೆಯೇ ಬಂದು ಕೂರುತ್ತದೆ. ನಡುವಯಸ್ಸಿನ ಹೆಂಗಸರ ಕೆಳ ಬಾಚಿಹಲ್ಲುಗಳ ಕೆಳಗೆ ಎಲುಬು ಕೆಲಕಾಲ ನಾರಾಗಿ, ಆಮೇಲೆ ಗಟ್ಟಿಯಾಗುವ ಒಂದು ಬದಲಾವಣೆ ಉಂಟು. ಹಲ್ಲುಗಳು ಚೆನ್ನಾಗಿಯೇ ಇರುತ್ತವೆ, ಚಿಕಿತ್ಸೆ ಬೇಕಿಲ್ಲ. ಮೇಲಿನ ಎರಡು ದೊಡ್ಡ ಬಾಚಿಹಲ್ಲುಗಳ ನಡುವೆ, ಅಂಗುಳಿನ ನಾಳದಲ್ಲಿ ಹುಟ್ಟುವ ಸಿಸ್ಟ್ ಕೂಡ ಇದೆ. ಅದಕ್ಕೂ ಹಲ್ಲಿಗೂ ಸಂಬಂಧವಿಲ್ಲ, ಆದರೆ ನೆರಳು ಬೇರಿನ ಮೇಲೆ ಬೀಳುತ್ತದೆ. ಕೆಳದವಡೆಯ ಮೂಲೆಯಲ್ಲಿ, ನರದ ನಾಳಕ್ಕಿಂತ ಕೆಳಗೆ, ಅಂಡಾಕಾರದ ಕಪ್ಪು ಕಲೆ ಕಂಡರೆ ಅದು ಬಹುತೇಕ ಜೊಲ್ಲುಗ್ರಂಥಿ ಕೂತ ತಗ್ಗು. 1942ರಲ್ಲಿ ಎಡ್ವರ್ಡ್ ಸ್ಟಾಫ್ನೆ ಇದನ್ನು ವರದಿ ಮಾಡಿದರು. ಅದಕ್ಕೂ ಕತ್ತಿ ಬೇಡ.

ಇನ್ನೊಂದು ಮಾತನ್ನೂ ಹೇಳಬೇಕು. ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ತಮ್ಮದೇ ಹಲ್ಲುಗಳ ಚಿತ್ರ ತೆಗೆದರು. ಅದಕ್ಕೆ 25 ನಿಮಿಷ ಬೇಕಾಯಿತು. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬರುತ್ತದೆ, ಆದರೆ ಅದರ ಮಿತಿ ಹಾಗೇ ಇದೆ. ಎಲುಬಿನ ಖನಿಜ ಶೇ 30ರಿಂದ 50ರಷ್ಟು ಕರಗುವವರೆಗೆ ಮಾಮೂಲಿ ಎಕ್ಸ್‌ರೇಯಲ್ಲಿ ಕಲೆ ಮೂಡುವುದಿಲ್ಲ. ಚಿತ್ರದಲ್ಲಿ ಕಂಡಿದ್ದಕ್ಕಿಂತ ಒಳಗಿನ ಹಾನಿ ಹೆಚ್ಚಿರುತ್ತದೆ ಎಂದೇ ತಿಳಿಯಬೇಕು. ಸಿಸ್ಟ್ ದೊಡ್ಡದಿದ್ದರೆ, ನರದ ನಾಳಕ್ಕೋ ಮೂಗಿನ ಪಕ್ಕದ ಸೈನಸ್‌ಗೋ ತಾಗುವಂತಿದ್ದರೆ, ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಹಲ್ಲು ಸತ್ತಿದೆ, ಬೇರಿನ ತುದಿಯಲ್ಲಿ ಕಲೆಯಿದೆ, ಅಷ್ಟೇನೂ ದೊಡ್ಡದಿಲ್ಲ ಎಂದಾದರೆ ಮೊದಲ ಮದ್ದು ರೂಟ್ ಕೆನಾಲ್. ಹಲ್ಲಿನೊಳಗಿನ ಕೊಳೆತ ಭಾಗವನ್ನು ಶುಚಿ ಮಾಡಿ ಮುಚ್ಚಿದರೆ ಕಾಯಿಲೆಯ ಮೂಲವೇ ನಿಂತುಹೋಗುತ್ತದೆ. ಇಂಥ ಕಲೆಗಳಲ್ಲಿ ನಿಜಕ್ಕೂ ಸಿಸ್ಟ್ ಆಗಿರುವವು ಎಷ್ಟು ಎಂಬುದನ್ನು ಪಿ. ಎನ್. ಆರ್. ನಾಯರ್ ಮತ್ತು ಸಂಗಡಿಗರು 256 ಮಾದರಿಗಳನ್ನು ಸೂಕ್ಷ್ಮವಾಗಿ ಸೀಳಿ ನೋಡಿ 1996ರಲ್ಲಿ ಪ್ರಕಟಿಸಿದರು. ಸಿಸ್ಟ್ ಆಗಿದ್ದವು ಶೇ 15 ಮಾತ್ರ. ಉಳಿದವು ಉರಿಯೂತದ ಗಂಟು ಇಲ್ಲವೇ ಕೀವು. ಸಿಸ್ಟ್‌ಗಳಲ್ಲೂ ಎರಡು ಬಗೆ. ಒಂದರ ಬಾಯಿ ಬೇರಿನ ಕಾಲುವೆಗೆ ತೆರೆದಿರುತ್ತದೆ, ಇನ್ನೊಂದು ಎಲ್ಲ ಕಡೆಯಿಂದ ಮುಚ್ಚಿಕೊಂಡಿರುತ್ತದೆ. ಮೊದಲನೆಯದು ರೂಟ್ ಕೆನಾಲ್‌ನಿಂದಲೇ ವಾಸಿಯಾಗುವ ಸಾಧ್ಯತೆ ಹೆಚ್ಚು, ಎರಡನೆಯದಕ್ಕೆ ಕತ್ತಿ ಬೇಕಾಗಬಹುದು. ಯಾವುದು ಯಾವುದೆಂದು ಎಕ್ಸ್‌ರೇ ಹೇಳಲಾರದು. ಅದಕ್ಕೇ ಮೊದಲು ರೂಟ್ ಕೆನಾಲ್ ಮಾಡಿ ಕಾಯುವುದು ಒಳ್ಳೆಯ ದಾರಿ. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆದು ಕಲೆ ಕುಗ್ಗುತ್ತಿದೆಯೇ ನೋಡಬೇಕು. ಕುಗ್ಗದಿದ್ದರೆ, ಬೆಳೆದರೆ, ವಸಡು ಬಿಡಿಸಿ ಚೀಲವನ್ನೂ ಬೇರಿನ ತುದಿಯನ್ನೂ ತೆಗೆದು ಆ ತುದಿಯನ್ನು ಸಿಮೆಂಟಿನಿಂದ ಮುಚ್ಚುತ್ತಾರೆ.

“ಹಲ್ಲನ್ನೇ ಕಿತ್ತುಬಿಡಿ ಡಾಕ್ಟ್ರೇ, ರಗಳೆ ಬೇಡ” ಎನ್ನುವವರು ಬಹಳ. ಹಲ್ಲು ಕಿತ್ತ ಮಾತ್ರಕ್ಕೆ ಚೀಲ ಕಿತ್ತಂತೆ ಆಗುವುದಿಲ್ಲ. ಉಳಿದ ಚೀಲ, ಹಲ್ಲೇ ಇಲ್ಲದ ಜಾಗದಲ್ಲಿ ವರ್ಷಗಳ ಕಾಲ ಬೆಳೆಯುತ್ತ ಹೋಗಿ, ವಯಸ್ಸಾದ ಮೇಲೆ ಕಟ್ಟಿಸಿದ ಹಲ್ಲಿನ ಸೆಟ್ಟು ಸರಿಯಾಗಿ ಕೂರುತ್ತಿಲ್ಲ ಎಂದು ಬಂದಾಗ ಪತ್ತೆಯಾಗುವುದುಂಟು.

ಎರಡನೆಯ ಜಾತಿ ಡೆಂಟಿಜೆರಸ್ ಸಿಸ್ಟ್. ಹುಟ್ಟಲಾರದೆ ಎಲುಬಿನಲ್ಲೇ ಸಿಕ್ಕಿಕೊಂಡ ಹಲ್ಲಿನ ತಲೆಯ ಸುತ್ತ ಇದು ಕಟ್ಟಿಕೊಳ್ಳುತ್ತದೆ. ಕೆಳಗಿನ ಬುದ್ಧಿಹಲ್ಲು, ಮೇಲಿನ ಕೋರೆಹಲ್ಲು ಇದರ ಮುಖ್ಯ ನೆಲೆ. ದವಡೆಯಿಡೀ ಒಂದೇ ಚಿತ್ರದಲ್ಲಿ ಬರುವ ಒಪಿಜಿ ಎಕ್ಸ್‌ರೇ ಬಂದ ಮೇಲೆ ಇವು ಹೆಚ್ಚು ಸಿಗತೊಡಗಿದವು. ಫಿನ್ಲೆಂಡಿನ ಯೂರ್ಯೊ ಪಾತೆರೊ ಕಳೆದ ಶತಮಾನದ ಮಧ್ಯಭಾಗದಲ್ಲಿ ರೂಪಿಸಿದ ಆ ವಿಧಾನದಲ್ಲಿ ಯಂತ್ರ ತಲೆಯ ಸುತ್ತ ತಿರುಗುತ್ತದೆ, ಕಿವಿಯಿಂದ ಕಿವಿಯವರೆಗಿನ ದವಡೆ ಒಂದೇ ಹಾಳೆಯ ಮೇಲೆ ಬಿಚ್ಚಿಕೊಳ್ಳುತ್ತದೆ. ಹುಟ್ಟದ ಹಲ್ಲಿನ ಸುತ್ತ ತೆಳ್ಳನೆಯ ಕಪ್ಪು ಅಂಚು ಸಹಜ. ಅದು ಮೂರು ನಾಲ್ಕು ಮಿಲಿಮೀಟರ್ ದಾಟಿದರೆ ಅನುಮಾನಿಸಬೇಕು.

ಮಕ್ಕಳಲ್ಲಿ ಈ ಸಿಸ್ಟ್ ಕಂಡಾಗ ನನಗೆ ತುಂಬ ಇಷ್ಟವಾದ ಚಿಕಿತ್ಸೆಯೊಂದಿದೆ. ಹನ್ನೊಂದು ಹನ್ನೆರಡರ ಆಸುಪಾಸಿನಲ್ಲಿ ಬರಬೇಕಾದ ಕೋರೆಹಲ್ಲು ಬಂದೇ ಇಲ್ಲ, ಹಾಲುಹಲ್ಲು ಹಾಗೇ ಉಳಿದಿದೆ, ಎಕ್ಸ್‌ರೇ ತೆಗೆದರೆ ಸಿಸ್ಟ್ ಆ ಹಲ್ಲನ್ನು ಮೇಲಕ್ಕೆ ಮೂಗಿನ ಕಡೆ ತಳ್ಳಿದೆ. ಸಿಸ್ಟಿನ ಜೊತೆ ಹಲ್ಲನ್ನೂ ತೆಗೆದುಬಿಡುವುದು ಸುಲಭ. ಅದರ ಬದಲು ಸಿಸ್ಟಿಗೆ ಬಾಯಿಯೊಳಗಿನಿಂದ ಒಂದು ಕಿಟಕಿ ತೆರೆದು, ಅದರ ಅಂಚನ್ನು ವಸಡಿಗೆ ಹೊಲಿದು ಬಿಡುತ್ತಾರೆ. ಒಳಗಿನ ಒತ್ತಡ ಇಳಿಯುತ್ತದೆ, ಚೀಲ ಕುಗ್ಗತೊಡಗುತ್ತದೆ, ಎಲುಬು ಅಂಚಿನಿಂದ ತುಂಬಿಕೊಳ್ಳುತ್ತ ಬರುತ್ತದೆ. ಸಿಕ್ಕಿಕೊಂಡಿದ್ದ ಹಲ್ಲು ಹಲವು ಸಲ ತಾನಾಗಿಯೇ ಇಳಿದು ಬರುತ್ತದೆ, ಬಾರದಿದ್ದರೆ ಕ್ಲಿಪ್ ಹಾಕಿ ಎಳೆಯಬಹುದು. ಈ ಕಿಟಕಿ ತೆರೆಯುವ ವಿಧಾನವನ್ನು 1892ರಲ್ಲಿ ಹೇಳಿಕೊಟ್ಟವರು ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ಊರಿನ ಶಸ್ತ್ರವೈದ್ಯ ಕಾರ್ಲ್ ಪಾರ್ಶ್. ಆ ಊರು ಈಗ ಪೋಲೆಂಡಿನಲ್ಲಿದೆ.

ಈ ಚಿಕಿತ್ಸೆಯ ನಿತ್ಯದ ಕಷ್ಟವನ್ನೂ ಮುಚ್ಚಿಡಬಾರದು. ಆ ಕಿಟಕಿ ಮುಚ್ಚಿಕೊಳ್ಳದಂತೆ ಮೊದಮೊದಲು ಔಷಧಿ ಹಚ್ಚಿದ ಗಾಜ್ ಬಟ್ಟೆ ತುರುಕಿರುತ್ತಾರೆ, ಆಮೇಲೆ ಅಕ್ರಿಲಿಕ್ಕಿನ ಬಿರಡೆಯನ್ನೋ ಸಣ್ಣ ಕೊಳವೆಯನ್ನೋ ಕೂರಿಸುತ್ತಾರೆ. ಊಟವಾದ ಪ್ರತಿ ಸಲವೂ ಬಿರಡೆ ತೆಗೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ತುಂಬಿ, ಗುಳಿಯೊಳಗೆ ಪಿಚಕಾರಿ ಹೊಡೆದು ಅನ್ನದ ಅಗುಳು ಹೊರಬರುವವರೆಗೆ ತೊಳೆಯಬೇಕು. ಇದು ಆರು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಮೀರಿ ನಡೆಯುತ್ತದೆ. ಕನ್ನಡಿಯ ಮುಂದೆ ಮಗುವಿನ ಬಾಯಿ ಅಗಲಿಸಿ ಹಿಡಿದು ತೊಳೆಯುವ ತಾಯಿಯ ಶ್ರದ್ಧೆಯೇ ಇಲ್ಲಿ ಅರ್ಧ ಚಿಕಿತ್ಸೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಮತ್ತೆ ಮತ್ತೆ ಬರಲು ಆಗದಷ್ಟು ದೂರದ ಊರು ಎಂದರೆ ವೈದ್ಯರು ಬೇರೆ ದಾರಿ ಯೋಚಿಸುವುದೇ ಸರಿ.

ಹಲ್ಲು ಬರುವ ವಯಸ್ಸಿನ ಮಕ್ಕಳ ವಸಡಿನ ಮೇಲೆ ನೀಲಿ ಬಣ್ಣದ ಮೆತ್ತನೆಯ ಗುಳ್ಳೆ ಎದ್ದರೆ ಮಾತ್ರ ಗಾಬರಿ ಬೇಡ. ಹಲ್ಲು ಹೊರಬರುವಾಗ ಅದು ತಾನೇ ಒಡೆಯುತ್ತದೆ.

ಮೂರನೆಯ ಜಾತಿಯದು ಎಲ್ಲಕ್ಕಿಂತ ಕಠಿಣ: ಕೆರಟೋಸಿಸ್ಟ್. ಈ ಹೆಸರು ಕೊಟ್ಟವರು ಡೆನ್ಮಾರ್ಕಿನ ಫಿಲಿಪ್ಸೆನ್, 1956ರಲ್ಲಿ. ಇದರ ಸ್ವಭಾವ ಎಷ್ಟು ಗೊಂದಲ ಹುಟ್ಟಿಸಿತೆಂದರೆ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಸಿಸ್ಟ್‌ಗಳ ಪಟ್ಟಿಯಿಂದ ತೆಗೆದು ಗಡ್ಡೆಗಳ ಪಟ್ಟಿಗೆ ಸೇರಿಸಿತು, 2017ರಲ್ಲಿ ಮತ್ತೆ ಸಿಸ್ಟ್‌ಗಳ ಪಟ್ಟಿಗೇ ತಂದಿತು. ಉಳಿದ ಸಿಸ್ಟ್‌ಗಳು ದವಡೆಯನ್ನು ಹೊರಕ್ಕೆ ಉಬ್ಬಿಸುತ್ತವೆ. ಆಗ ಬೆರಳಿನಿಂದ ಒತ್ತಿದರೆ ತೆಳುವಾದ ಎಲುಬಿನ ಪದರ ಒಳಕ್ಕೆ ಕುಸಿದು ಚಟಚಟ ಸದ್ದಾಗುತ್ತದೆ, ವೈದ್ಯರಿಗೆ ಸುಳಿವು ಸಿಗುತ್ತದೆ. ಕೆರಟೋಸಿಸ್ಟ್ ಹಾಗಲ್ಲ. ಎಲುಬಿನ ಒಳಗಿನ ಮೆದು ಭಾಗದಲ್ಲಿ ಉದ್ದಕ್ಕೆ ಹರಿಯುತ್ತ ಹೋಗುತ್ತದೆ. ಬುದ್ಧಿಹಲ್ಲಿನ ಬಳಿಯಿಂದ ಹಿಡಿದು ದವಡೆಯ ಕೀಲಿನ ಹತ್ತಿರದವರೆಗೆ ಟೊಳ್ಳಾಗಿದ್ದರೂ ಮುಖದಲ್ಲಿ ಊತವೇ ಕಾಣದಿರಬಹುದು. ಗಟ್ಟಿ ಪದಾರ್ಥ ಕಚ್ಚಿದಾಗಲೋ ಸಣ್ಣ ಏಟು ಬಿದ್ದಾಗಲೋ ದವಡೆ ಮುರಿದ ಮೇಲೆ ಗೊತ್ತಾದವರೂ ಇದ್ದಾರೆ.

ಇದರ ಪೊರೆ ಆರೆಂಟು ಜೀವಕೋಶಗಳಷ್ಟೇ ದಪ್ಪ. ತೆಗೆಯುವಾಗ ಹರಿಯುತ್ತದೆ, ಒಂದು ಚೂರು ಎಲುಬಿಗೆ ಅಂಟಿಕೊಂಡರೂ ಸಾಕು, ಮತ್ತೆ ಬೆಳೆಯುತ್ತದೆ. ಗೋಡೆಯಲ್ಲಿ ಮರಿ ಸಿಸ್ಟ್‌ಗಳೂ ಅಡಗಿರುತ್ತವೆ. ಬರೀ ಕೆರೆದು ತೆಗೆದರೆ ಎಷ್ಟು ಮರುಕಳಿಸುತ್ತವೆ ಎಂಬ ಲೆಕ್ಕ ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಆದರೆ ನಾಲ್ಕರಲ್ಲಿ ಒಂದರಷ್ಟು ಎಂಬುದು ಅತಿಯಾದ ಮಾತಲ್ಲ. ಹೀಗಾಗಿ ಚೀಲ ತೆಗೆದ ಮೇಲೆ ಗುಳಿಯ ಗೋಡೆಯನ್ನು ಒಂದೆರಡು ಮಿಲಿಮೀಟರ್ ಕೊರೆಯುವ ಬರ್‌ನಿಂದ ಉಜ್ಜಿ, ಕಾರ್ನಾಯ್ ದ್ರಾವಣ ಹಚ್ಚುವ ರೂಢಿ ಬಂತು. ಆಲ್ಕೋಹಾಲ್, ಅಸಿಟಿಕ್ ಆಮ್ಲ, ಫೆರಿಕ್ ಕ್ಲೋರೈಡ್, ಕ್ಲೋರೋಫಾರ್ಮ್ ಬೆರೆತ ಆ ದ್ರಾವಣ ಉಳಿದ ಜೀವಕೋಶಗಳನ್ನು ಸುಡುತ್ತದೆ. ಕ್ಲೋರೋಫಾರ್ಮಿನ ಅಪಾಯ ಮನಗಂಡು ಅದಿಲ್ಲದ ರೂಪವನ್ನು ಈಗ ಹಲವೆಡೆ ಬಳಸುತ್ತಾರೆ, 5-ಫ್ಲೂರೋಯುರಾಸಿಲ್ ಮುಲಾಮು ಇಡುವವರೂ ಇದ್ದಾರೆ. ತೀರಾ ಹಠಮಾರಿಯಾದಾಗ ದವಡೆಯ ಆ ಭಾಗವನ್ನೇ ತೆಗೆಯಬೇಕಾದೀತು.

ಎಳೆಯ ವಯಸ್ಸಿನವರಲ್ಲಿ ಒಂದಕ್ಕಿಂತ ಹೆಚ್ಚು ಕೆರಟೋಸಿಸ್ಟ್ ಕಂಡರೆ ವೈದ್ಯರು ದವಡೆಯಿಂದಾಚೆಗೂ ನೋಡಬೇಕು. ಅಂಗೈ ಅಂಗಾಲಿನ ಚರ್ಮದಲ್ಲಿ ಸಣ್ಣ ಗುಳಿಗಳು, ಕವಲೊಡೆದ ಪಕ್ಕೆಲುಬು, ಚರ್ಮದ ಕ್ಯಾನ್ಸರ್ ಇವೆಲ್ಲ ಕೂಡಿ ಬರುವ ಅನುವಂಶಿಕ ಕಾಯಿಲೆಯೊಂದನ್ನು 1960ರಲ್ಲಿ ಗಾರ್ಲಿನ್ ಮತ್ತು ಗೋಲ್ಟ್ಸ್ ಗುರುತಿಸಿದರು. ಪಿಟಿಸಿಎಚ್1 ಎಂಬ ಜೀನಿನ ದೋಷ ಅದಕ್ಕೆ ಮುಖ್ಯ ಕಾರಣ. ದವಡೆಯ ಸಿಸ್ಟ್ ಎಷ್ಟೋ ಸಲ ಅದರ ಮೊದಲ ಗುರುತು, ಹಾಗಾಗಿ ಆ ಮನೆಯ ಉಳಿದವರನ್ನೂ ಪರೀಕ್ಷಿಸುವುದು ಒಳ್ಳೆಯದು.

ಇಷ್ಟೂ ಜಾತಿಗಳ ಜೊತೆಗೆ ಸಿಸ್ಟಿನ ವೇಷದಲ್ಲೇ ಬರುವ ಗಡ್ಡೆಯೊಂದಿದೆ. ಅಮೆಲೋಬ್ಲಾಸ್ಟೋಮ ಎಂದು ಹೆಸರು. ಬುದ್ಧಿಹಲ್ಲಿನ ಸುತ್ತ ಒಂದೇ ಕೋಣೆಯ ಕಲೆಯಾಗಿ ಕಂಡಾಗ ಒಪಿಜಿಯಲ್ಲಿ ಡೆಂಟಿಜೆರಸ್ ಸಿಸ್ಟಿಗೂ ಇದಕ್ಕೂ ವ್ಯತ್ಯಾಸ ಹೇಳಲು ಅನುಭವಿಗಳಿಗೂ ಕಷ್ಟ. ಇದಕ್ಕೆ ಚಿಕಿತ್ಸೆ ಬೇರೆ, ಮುಂದಿನ ಎಚ್ಚರಿಕೆ ಬೇರೆ. ದೊಡ್ಡ ಕಲೆಗಳಿಗೆ ಕತ್ತಿ ಇಡುವ ಮುನ್ನ ಸೂಜಿ ಹಾಕಿ ನೋಡುವುದು ಇದೇ ಕಾರಣಕ್ಕೆ. ಮರಗಟ್ಟಿಸಿದ ವಸಡಿನ ಮೂಲಕ ದಪ್ಪ ಸೂಜಿಯನ್ನು ಒಳಗಿಳಿಸಿ ಸಿರಿಂಜನ್ನು ನಿಧಾನ ಹಿಂದಕ್ಕೆಳೆಯುತ್ತಾರೆ. ಒಣಹುಲ್ಲಿನ ಬಣ್ಣದ ತಿಳಿ ನೀರು ಬಂದು, ಬೆಳಕಿಗೆ ಹಿಡಿದಾಗ ಅದರಲ್ಲಿ ಕೊಲೆಸ್ಟರಾಲ್ ಹರಳುಗಳು ಮಿನುಗಿದರೆ ಮಾಮೂಲಿ ಸಿಸ್ಟ್ ಇರಬಹುದು. ಬೆಳ್ಳಗಿನ ಗಟ್ಟಿ ಪದಾರ್ಥ ಬಂದರೆ ಕೆರಟೋಸಿಸ್ಟಿನ ಅನುಮಾನ. ಏನೂ ಬಾರದಿದ್ದರೆ ಒಳಗೆ ಗಟ್ಟಿ ಗಡ್ಡೆಯಿರಬಹುದು. ಕೆಂಪು ರಕ್ತ ತಾನಾಗಿ ಸಿರಿಂಜಿಗೆ ನುಗ್ಗಿದರೆ ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಅದು ರಕ್ತನಾಳಗಳ ಗಂಟಾಗಿದ್ದರೆ ತೆರೆದಾಗ ಹರಿಯುವ ರಕ್ತ ಜೀವಕ್ಕೇ ಕುತ್ತು. ಆಮೇಲೆ ಚೂರು ತೆಗೆದು ಬಯಾಪ್ಸಿ.

ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚೀಲವನ್ನು ಇಡಿಯಾಗಿ ಬಿಡಿಸಿ ವಸಡನ್ನು ಹೊಲಿಯುವ ಕ್ರಮವನ್ನೂ 1910ರಲ್ಲಿ ಪಾರ್ಶ್ ಅವರೇ ಪ್ರಚುರಪಡಿಸಿದರು. ಚಿಕ್ಕದಾದರೆ ಬಾಯಿಗೆ ಇಂಜೆಕ್ಷನ್ ಕೊಟ್ಟು, ದೊಡ್ಡದಾದರೆ ಪೂರ್ಣ ಅರಿವಳಿಕೆಯಲ್ಲಿ ಮಾಡುತ್ತಾರೆ. ಕೆಳದವಡೆಯಲ್ಲಿ ಸಿಸ್ಟ್ ನರಕ್ಕೆ ತಾಗಿದ್ದರೆ ಆಮೇಲೆ ಕೆಳತುಟಿ ಕೆಲವು ವಾರ, ತಿಂಗಳು ಜೋಮು ಹಿಡಿದಂತಿರಬಹುದು; ಅಪರೂಪಕ್ಕೆ ಹಾಗೇ ಉಳಿಯಬಹುದು. ಇದನ್ನು ಆಪರೇಷನ್ನಿಗೆ ಮೊದಲೇ ಹೇಳುವ ವೈದ್ಯರನ್ನು ನಂಬಬಹುದು. ಗುಳಿ ಎಷ್ಟು ದೊಡ್ಡದಿದ್ದರೂ ಎಲುಬು ತಿಂಗಳುಗಳಲ್ಲಿ, ಒಂದೆರಡು ವರ್ಷಗಳಲ್ಲಿ ಬಹುಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ ಚಕ್ಕುಲಿ, ಕಬ್ಬು, ಕೋಡುಬಳೆ ದೂರವಿರಲಿ.

ತೆಗೆದ ಚೀಲದ ಗತಿ ಏನಾಗುತ್ತದೆ ಎಂಬುದೇ ನನ್ನ ದೊಡ್ಡ ಚಿಂತೆ. ಅದನ್ನು ಫಾರ್ಮಲಿನ್ ತುಂಬಿದ ಬಾಟಲಿಗೆ ಹಾಕಿ ಬಾಯಿಯ ರೋಗಗಳ ಪೆಥಾಲಜಿ ತಜ್ಞರಿಗೆ ಕಳಿಸಬೇಕು. ಸೂಕ್ಷ್ಮದರ್ಶಕದ ಕೆಳಗೆ ನೋಡಿದ ಮೇಲೆಯೇ ಅದರ ನಿಜವಾದ ಹೆಸರು ಗೊತ್ತಾಗುವುದು. ಖರ್ಚು ಉಳಿಸಲೆಂದು, ಮಾಮೂಲಿ ಸಿಸ್ಟ್ ತಾನೇ ಎಂಬ ಉದಾಸೀನದಿಂದ ಅದನ್ನು ಕಸಕ್ಕೆ ಹಾಕಿದರೆ, ಮರುಕಳಿಸುವ ಕೆರಟೋಸಿಸ್ಟೋ ಅಮೆಲೋಬ್ಲಾಸ್ಟೋಮವೋ ಮಾಮೂಲಿ ಲೆಕ್ಕಕ್ಕೆ ಸೇರಿಹೋಗುತ್ತದೆ. ಮುಂದೆ ಎಚ್ಚರಿಸುವವರು ಯಾರೂ ಇರುವುದಿಲ್ಲ. ಇದು ಸಣ್ಣ ಲೋಪವಲ್ಲ. ದೇಶದಲ್ಲಿ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ಕಾಲೇಜುಗಳಿವೆ. ಮಣಿಪಾಲ, ಧಾರವಾಡ, ದಾವಣಗೆರೆ, ಮಂಗಳೂರಿನಂಥ ಊರುಗಳಲ್ಲಿ ಹಳೆಯ ಖಾಸಗಿ ಕಾಲೇಜುಗಳಿವೆ. ಬಾಯಿಯ ಶಸ್ತ್ರಚಿಕಿತ್ಸೆ, ಎಕ್ಸ್‌ರೇ, ಪೆಥಾಲಜಿ ಮೂರೂ ವಿಭಾಗಗಳು ಇಂಥ ಕಾಲೇಜುಗಳಲ್ಲಿ ಒಂದೇ ಕಟ್ಟಡದಲ್ಲಿ ಸಿಗುತ್ತವೆ. ಊರಿನ ಕ್ಲಿನಿಕ್ಕಿನಲ್ಲಿ ದೊಡ್ಡ ಕಲೆ ಪತ್ತೆಯಾದವರು ಬಸ್ಸು ಹತ್ತಿ ಅಲ್ಲಿಗೆ ಹೋಗುವುದು ದುಂದಲ್ಲ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಯಾರದಾದರೂ ಮುಂದಿನ ಹಲ್ಲು ಮಾಸಿ ಬೂದಾಗಿದ್ದರೆ, ಮಗುವಿನ ಕೋರೆಹಲ್ಲು ಬರುವ ವಯಸ್ಸು ದಾಟಿಯೂ ಬಂದಿಲ್ಲದಿದ್ದರೆ, ನೋವಿಲ್ಲದೆ ದವಡೆ ಒಂದು ಕಡೆ ಉಬ್ಬಿದ್ದರೆ ಈ ತಿಂಗಳೇ ಒಂದು ಎಕ್ಸ್‌ರೇ ತೆಗೆಸಿ. ಸಿಸ್ಟ್ ತೆಗೆಸಿಕೊಂಡವರು ಬಯಾಪ್ಸಿ ವರದಿಯನ್ನು ಕೇಳಿ ಪಡೆಯಿರಿ, ಎಕ್ಸ್‌ರೇಗಳ ಜೊತೆ ಜೋಪಾನವಾಗಿಡಿ. ವರದಿಯಲ್ಲಿ ಕೆರಟೋಸಿಸ್ಟ್ ಎಂದಿದ್ದರೆ ಮೊದಲ ಐದು ವರ್ಷ ತಪ್ಪದೆ ವರ್ಷಕ್ಕೊಮ್ಮೆ ಎಕ್ಸ್‌ರೇ ಆಗಬೇಕು, ಆಮೇಲೂ ಆಗಾಗ ತೋರಿಸುತ್ತಿರಬೇಕು. ಹತ್ತು ವರ್ಷದ ನಂತರ ಮರುಕಳಿಸಿದ ಉದಾಹರಣೆಗಳಿವೆ.